ಕಡಲು ದಾಟಿ ಮರಳಿದ ತಾಳ

2016ರಲ್ಲಿ ನ್ಯೂಯಾರ್ಕ್ ನಗರದ ಧ್ವನಿಮುದ್ರಣ ಸಂಸ್ಥೆಯೊಂದು ನೈಜೀರಿಯಾದ ಯುವ ಗಾಯಕನೊಬ್ಬನ ಚೊಚ್ಚಲ ಆಲ್ಬಮ್ಮನ್ನು ಹೊರತಂದಿತು. ಆತನ ಪೂರ್ಣ ಹೆಸರು ಪ್ಯಾಟ್ರಿಕ್ ನಾಯೆಮೆಕ ಒಕೊರಿ. ಕೇಳುಗರಿಗೆ ಆತ ಪ್ಯಾಟೊರ‍್ಯಾಂಕಿಂಗ್. ಆಲ್ಬಮ್ಮಿನ ಹೆಸರು ‘ಗಾಡ್ ಓವರ್ ಎವೆರಿಥಿಂಗ್’, ಎಂದರೆ ಎಲ್ಲಕ್ಕೂ ಮಿಗಿಲಾಗಿ ದೇವರು. ಹೆಸರನ್ನು ನೋಡಿ ಇದು ಭಕ್ತಿಗೀತೆಗಳ ಸಂಗ್ರಹವೆಂದು ಭಾವಿಸಿ ಕೇಳಿದವರಿಗೆ ನಿರಾಶೆಯಾದೀತು. ಇದರ ಬಹುಪಾಲು ಹಾಡುಗಳು ಪ್ರೇಮದವು, ಕುಣಿತದವು, ಬಡತನದಿಂದ ಮೇಲೆದ್ದು ಬಂದವನ ಹೆಮ್ಮೆಯವು. ಜಮೈಕಾದ ರೆಗೆ ಮತ್ತು ಡಾನ್ಸ್‌ಹಾಲ್, ನೈಜೀರಿಯಾದ ಆಫ್ರೋಬೀಟ್, ಈ ಮೂರು ಬಗೆಯ ಸಂಗೀತಗಳು ಇಲ್ಲಿ ಒಂದರೊಳಗೊಂದು ಬೆರೆತಿವೆ.

ಸಂಗೀತ ವಿಮರ್ಶಕರು ಇಂಥದ್ದನ್ನು ‘ಮಿಶ್ರಣ’ವೆಂದು ಕರೆದು ಮುಂದೆ ಸಾಗುತ್ತಾರೆ. ನನಗೆ ಆ ಮಾತು ಸಾಲದೆನಿಸುತ್ತದೆ. ಸಂಬಂಧವಿಲ್ಲದವರು ಒಂದೆಡೆ ಸೇರಿದರೆ ಅದನ್ನು ಮಿಶ್ರಣ ಎನ್ನಬಹುದು. ಒಂದೇ ಮನೆಯಿಂದ ಕದ್ದೊಯ್ದ ಮಕ್ಕಳ ಮೊಮ್ಮಕ್ಕಳು ಹಳೆಯ ಹೊಸ್ತಿಲಿಗೆ ಬಂದು ನಿಂತಾಗ ಹಾಗೆನ್ನಲಾದೀತೇ? ಈ ತಾಳಗಳು ಕಡಲು ದಾಟಿ ಹೋಗಿ ಮರಳಿದ ದಾರಿಯಲ್ಲಿ ಕ್ರೈಸ್ತ ದೇವಾಲಯದ ಬಾಗಿಲೂ ಇತ್ತು. ಕೆಲವೊಮ್ಮೆ ತೆರೆದಿತ್ತು, ಕೆಲವೊಮ್ಮೆ ಮುಚ್ಚಿತ್ತು. ಓದುಗರ ಮುಂದೆ ಈ ಚರಿತ್ರೆಯನ್ನು ಇಡುತ್ತಿರುವುದು ಆ ಬಾಗಿಲಿನ ಕಾರಣಕ್ಕಾಗಿಯೇ.

ಮೊದಲು ಆ ಧ್ವನಿಮುದ್ರಣ ಸಂಸ್ಥೆಯ ಮಾತು. ವಿ.ಪಿ. ರೆಕಾರ್ಡ್ಸ್ ಎಂಬ ಹೆಸರಿನ ಎರಡು ಅಕ್ಷರಗಳು ವಿನ್ಸೆಂಟ್ ಮತ್ತು ಪೆಟ್ರೀಷಿಯಾ ಚಿನ್ ದಂಪತಿಗಳವು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿ ನಡೆಸುತ್ತಿದ್ದ ಇವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿ ಈ ಸಂಸ್ಥೆಯನ್ನು ಕಟ್ಟಿದರು. ಪೆಟ್ರೀಷಿಯಾ ಅವರು ಭಾರತ ಮತ್ತು ಚೀನಾ ಎರಡೂ ಮೂಲಗಳ ಕುಟುಂಬದಲ್ಲಿ ಹುಟ್ಟಿದವರು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿ 1845ರಿಂದ ಹಡಗುಗಟ್ಟಲೆ ಭಾರತೀಯರನ್ನು ಜಮೈಕಾಕ್ಕೆ ಕರೆದೊಯ್ದದ್ದನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ. ಅದಿರಲಿ. ನೈಜೀರಿಯಾದವನ ಹಾಡು ಜಮೈಕಾದವರ ಕೈಯಿಂದ ಲೋಕಕ್ಕೆ ಬಂದಿತೆಂಬುದು ಇಲ್ಲಿ ಮುಖ್ಯ. ಏಕೆಂದರೆ ಇದಕ್ಕೂ ಮೊದಲು ಆ ಎರಡು ನೆಲಗಳ ನಡುವೆ ನಡೆದ ಸಾಗಣೆ ಹಾಡಿನದಲ್ಲ, ಮನುಷ್ಯರದು.

16ನೇ ಶತಮಾನದಿಂದ 19ನೇ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಅಟ್ಲಾಂಟಿಕ್ ಸಾಗರದ ಗುಲಾಮ ಹಡಗುಗಳಿಗೆ ಏರಿಸಲಾಯಿತೆಂದು ವಿದ್ವಾಂಸರು ಹಡಗುಗಳ ದಾಖಲೆಗಳಿಂದ ಲೆಕ್ಕ ಹಾಕಿದ್ದಾರೆ. ಆಚೆಯ ದಡ ಕಂಡವರು ಸುಮಾರು 1 ಕೋಟಿ 7 ಲಕ್ಷ. ಉಳಿದವರಿಗೆ ಸಮುದ್ರವೇ ಸಮಾಧಿ. ಜಮೈಕಾ ಎಂಬ ಒಂದು ಪುಟ್ಟ ದ್ವೀಪಕ್ಕೇ ಹತ್ತು ಲಕ್ಷದಷ್ಟು ಜನರನ್ನು ತಂದಿಳಿಸಿದರು. ಅವರಲ್ಲಿ ದೊಡ್ಡದೊಂದು ಪಾಲು ಇಂದಿನ ಆಗ್ನೇಯ ನೈಜೀರಿಯಾದ ಬಾನಿ ಮತ್ತು ಕಲಬಾರ್ ರೇವುಗಳಿಂದ ಹೋದದ್ದು. ಹಾಗೆ ಹೋದವರಲ್ಲಿ ಇಗ್ಬೊ ಭಾಷೆಯವರು ಬಹುಮಂದಿ. ಅವರ ಹೆಸರುಗಳನ್ನು ಕಿತ್ತುಕೊಂಡರು, ಭಾಷೆಯನ್ನು ಮರೆಸಿದರು. ಆದರೂ ಜಮೈಕಾದ ಆಡುನುಡಿಯಾದ ಪಾಟ್ವಾದಲ್ಲಿ ಇಂದಿಗೂ ‘ನೀವೆಲ್ಲರೂ’ ಎನ್ನಲು ‘ಉನು’ ಎನ್ನುತ್ತಾರೆ. ಇಗ್ಬೊ ಭಾಷೆಯಲ್ಲಿಯೂ ಅದು ‘ಉನು’ವೇ. ಎಲ್ಲವನ್ನೂ ಕಳೆದುಕೊಂಡ ಜನರು ಒಬ್ಬರನ್ನೊಬ್ಬರು ಒಟ್ಟಾಗಿ ಕರೆಯುವ ಪದವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಪ್ಯಾಟೊರ‍್ಯಾಂಕಿಂಗ್ ಲಾಗೋಸ್ ನಗರದ ಬಡ ಕೇರಿಯಲ್ಲಿ 1990ರಲ್ಲಿ ಹುಟ್ಟಿದವನಾದರೂ ಅವನ ಮನೆತನದ ಮೂಲ ಆಗ್ನೇಯದ ಎಬೊನಿ ಪ್ರಾಂತ, ಇಗ್ಬೊ ಜನರ ನಾಡು. ನಾಯೆಮೆಕ ಎಂಬ ಹೆಸರಿಗೆ ‘ತಂದೆಯು ಮಹತ್ಕಾರ್ಯ ಮಾಡಿದ್ದಾನೆ’ ಎಂದು ಅರ್ಥ. ಅಲ್ಲಿ ತಂದೆ ಎಂದರೆ ದೇವರು.

ಜಮೈಕಾದ ತೋಟಗಳ ಒಡೆಯರು ಭಾಷೆಗಿಂತ ಹೆಚ್ಚಾಗಿ ಹೆದರಿದ್ದು ಡೋಲಿಗೆ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಸುದ್ದಿ ಒಯ್ಯಬಲ್ಲ, ದಂಗೆಗೆ ಕರೆ ಕೊಡಬಲ್ಲ ವಾದ್ಯವದು. 18ನೇ ಶತಮಾನದಲ್ಲಿ ಡೋಲು ಮತ್ತು ಕೊಂಬುಗಳ ಬಳಕೆಯನ್ನು ನಿಷೇಧಿಸುವ ಕಾನೂನುಗಳು ಬಂದವು. ಅದೇ ಶತಮಾನದ ಕೊನೆಯಲ್ಲಿ, 1783ರಲ್ಲಿ, ಅಮೆರಿಕದಿಂದ ಬಂದ ಜಾರ್ಜ್ ಲೀಲ್ ಎಂಬ ಬಿಡುಗಡೆ ಹೊಂದಿದ ಗುಲಾಮರು ಜಮೈಕಾದಲ್ಲಿ ಬ್ಯಾಪ್ಟಿಸ್ಟ್ ಸಭೆಯನ್ನು ಆರಂಭಿಸಿದರು. ಗುಲಾಮರಿಗೆ ಸುವಾರ್ತೆಯನ್ನು ಮೊದಲು ಸಾರಿದವರಲ್ಲಿ ಅವರಂತೆಯೇ ನೊಂದವರಿದ್ದರೆಂಬುದನ್ನು ನೆನಪಿನಲ್ಲಿಡಬೇಕು. ಆ ಸಭೆಗಳಲ್ಲಿ ಅಂಗೈಗಳೇ ಡೋಲಾದವು, ನೆಲಕ್ಕೆ ಬಡಿಯುವ ಪಾದಗಳೇ ತಾಳವಾದವು. 1831ರ ಕ್ರಿಸ್ಮಸ್ ಹಬ್ಬದ ದಿನಗಳಲ್ಲಿ ಜಮೈಕಾದ ಗುಲಾಮರು ಕೆಲಸ ನಿಲ್ಲಿಸಿ ಎದ್ದುನಿಂತಾಗ ಅವರ ಮುಂದಾಳಾಗಿದ್ದವರು ಸ್ಯಾಮ್ ಶಾರ್ಪ್ ಎಂಬ ಬ್ಯಾಪ್ಟಿಸ್ಟ್ ಸಭಾಸೇವಕ. ಮರುವರ್ಷ ಅವರನ್ನು ಗಲ್ಲಿಗೇರಿಸಲಾಯಿತು. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದು ಮಾಡಿತು. 1838ರ ಆಗಸ್ಟ್ 1ರಂದು ಪೂರ್ಣ ಬಿಡುಗಡೆಯಾಯಿತು.

ಬಿಡುಗಡೆಯಾದ ಜನರು ಮುಂದೇನು ಮಾಡಿದರು? ತುಂಡು ಭೂಮಿ ಕೊಂಡರು, ಶಾಲೆ ಕಟ್ಟಿದರು, ಇವು ನಿರೀಕ್ಷಿತವೇ. ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಸಂಗತಿ. ತಮ್ಮ ಅಜ್ಜ ಅಜ್ಜಿಯರನ್ನು ಯಾವ ನೆಲದಿಂದ ಎಳೆದು ತಂದಿದ್ದರೋ ಅದೇ ನೆಲಕ್ಕೆ ಸುವಾರ್ತೆಯನ್ನು ಒಯ್ಯಬೇಕೆಂದು ಜಮೈಕಾದ ಪ್ರೆಸ್ಬಿಟೇರಿಯನ್ ಸಭೆ 1841ರಲ್ಲಿ ತೀರ್ಮಾನಿಸಿತು. ಗುಲಾಮಗಿರಿಯಿಂದ ಹೊರಬಂದು ಮೂರು ವರ್ಷಗಳಾಗಿದ್ದವು, ಅಷ್ಟೇ. ಜಮೈಕಾದಲ್ಲಿ ಬಹುಕಾಲ ಸೇವೆ ಸಲ್ಲಿಸಿದ್ದ ಐರ್ಲೆಂಡಿನ ಪಾದ್ರಿ ಹೋಪ್ ವಾಡೆಲ್ ಅವರ ಮುಂದಾಳತ್ವದಲ್ಲಿ ಚಿಕ್ಕ ತಂಡವೊಂದು 1846ರ ಏಪ್ರಿಲ್ ತಿಂಗಳಲ್ಲಿ ಕಲಬಾರ್ ತಲುಪಿತು. ತಂಡದಲ್ಲಿ ಜಮೈಕಾದವರಿದ್ದರು, ಮುದ್ರಣಕಾರರೊಬ್ಬರಿದ್ದರು, ಒಂದು ಅಚ್ಚಿನ ಯಂತ್ರವಿತ್ತು. ಕ್ರೀಕ್ ಟೌನಿನ ಅರಸ ಎಯೊ ಅವರನ್ನು ಬರಮಾಡಿಕೊಂಡು, ಭಾನುವಾರಗಳಂದು ವಾಡೆಲ್ ಅವರ ಪ್ರಸಂಗವನ್ನು ತಾನೇ ಎಫಿಕ್ ಭಾಷೆಗೆ ಅನುವಾದಿಸಿ ಜನರಿಗೆ ಹೇಳುತ್ತಿದ್ದ. ಗುಲಾಮರನ್ನು ಮಾರಿ ಸಿರಿವಂತವಾಗಿದ್ದ ರೇವು ಅದು. ಮಾರಲ್ಪಟ್ಟವರ ವಂಶದವರು ಅಲ್ಲಿಗೆ ಹಿಂದಿರುಗಿದರು, ಮಾರಿದವರ ಅರಸನು ಅವರ ದುಭಾಷಿಯಾದ. ಇದಕ್ಕೆ ಸಮನಾದ ದೃಶ್ಯ ಸಭಾಚರಿತ್ರೆಯಲ್ಲಿ ಎಷ್ಟಿವೆ?

ಕನ್ನಡದ ಕ್ರೈಸ್ತರಿಗೆ ಈ ಕಥೆಯ ಒಂದು ಎಳೆ ಹತ್ತಿರದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಅದಕ್ಕೂ ಮೊದಲೇ 1828ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಇಂದಿನ ಘಾನಾಕ್ಕೆ, ತನ್ನ ಸೇವಕರನ್ನು ಕಳುಹಿಸಿತ್ತು. ಅಲ್ಲಿ ಯುರೋಪಿಯನ್ನರು ಜ್ವರಕ್ಕೆ ತುತ್ತಾಗಿ ಒಬ್ಬೊಬ್ಬರಾಗಿ ಸಾಯತೊಡಗಿದಾಗ, 1843ರಲ್ಲಿ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳ ಕರಿಯ ಮೊರೇವಿಯನ್ ಕ್ರೈಸ್ತರನ್ನು ಅಕ್ರೊಪೊಂಗ್ ಎಂಬ ಊರಿಗೆ ಕರೆತಂದು ನೆಲೆಗೊಳಿಸಿತು. ಬಲ್ಮಠದ ಮುದ್ರಣಾಲಯವನ್ನು ನಡೆಸಿದ ಸಂಸ್ಥೆಯೇ ಈ ಮರುಪ್ರಯಾಣಕ್ಕೂ ಹಡಗು ಗೊತ್ತುಮಾಡಿತ್ತು.

ಮರಳಿ ಬಂದ ಈ ಕ್ರೈಸ್ತರ ಕೈಯಲ್ಲಿದ್ದದ್ದು ಕೀರ್ತನೆಯ ಪುಸ್ತಕ. ಡೋಲು ಅವರೊಡನೆ ಬರಲಿಲ್ಲ. ಅದು ಅಲ್ಲಿಯೇ ಇತ್ತು, ದೇವಾಲಯದ ಹೊರಗೆ. ಇಲ್ಲಿಂದ ಕಥೆ ಸಂಗೀತದ ಕಡೆಗೆ ತಿರುಗುತ್ತದೆ. ಅದನ್ನು ತಿಳಿಯಲು ನೈಜೀರಿಯಾದ ಪಶ್ಚಿಮ ಭಾಗದ ಯೊರುಬಾ ನಾಡಿಗೆ ಹೋಗಬೇಕು.

ಯೊರುಬಾ ಜನರಿಗೆ ಅವರ ಭಾಷೆಯಲ್ಲಿ ಸತ್ಯವೇದವನ್ನು ಕೊಟ್ಟವರಲ್ಲಿ ಪ್ರಮುಖರು ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್. 1821ರಲ್ಲಿ ಬಾಲಕನಾಗಿದ್ದಾಗ ಗುಲಾಮನಾಗಿ ಸೆರೆಸಿಕ್ಕು, ಮರುವರ್ಷ ಬ್ರಿಟಿಷ್ ನೌಕಾಪಡೆಯಿಂದ ಬಿಡುಗಡೆ ಹೊಂದಿ, 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆದವರು ಅವರು. ಅವರ ಕಾಲದಲ್ಲಿ ಇಂಗ್ಲಿಷ್ ಕೀರ್ತನೆಗಳನ್ನು ಯೊರುಬಾಕ್ಕೆ ತಿರುಗಿಸಿ ಇಂಗ್ಲಿಷ್ ರಾಗಗಳಿಗೇ ಹಾಡುವುದು ರೂಢಿಯಾಯಿತು. ತೊಡಕು ಅಲ್ಲಿಯೇ ಹುಟ್ಟಿತು. ನಮ್ಮಲ್ಲಿ ‘ಬಳೆ’, ‘ಬಾಳೆ’ ಎಂಬಲ್ಲಿ ಸ್ವರದ ಉದ್ದವು ಅರ್ಥವನ್ನು ಬದಲಿಸುವಂತೆ, ಯೊರುಬಾದಲ್ಲಿ ಸ್ವರದ ಏರಿಳಿತ ಅರ್ಥವನ್ನು ಬದಲಿಸುತ್ತದೆ. ‘ಒಕೊ’ ಎಂಬ ಒಂದೇ ಪದವನ್ನು ಏರಿಸಿ ಇಳಿಸಿ ಹೇಳುವುದರ ಮೇಲೆ ಅದು ಗಂಡನಾಗಬಹುದು, ಗುದ್ದಲಿಯಾಗಬಹುದು, ದೋಣಿಯಾಗಬಹುದು, ಈಟಿಯೂ ಆಗಬಹುದು. ಇಂಗ್ಲಿಷ್ ರಾಗ ತನ್ನ ಇಚ್ಛೆಯಂತೆ ಏರುತ್ತ ಇಳಿಯುತ್ತ ಹೋದಾಗ ಪದಗಳು ತಮ್ಮ ಅರ್ಥವನ್ನು ಕಳೆದುಕೊಂಡವು. ಕೆಲವೊಮ್ಮೆ ಬೇಡದ ಅರ್ಥವನ್ನೂ ಪಡೆದವು. ಜನರು ಹಾಡಿದರು, ಆದರೆ ತಾವು ಹಾಡುತ್ತಿರುವುದು ತಮ್ಮ ಕಿವಿಗೇ ಸರಿಯಾಗಿ ಕೇಳುತ್ತಿರಲಿಲ್ಲ. 1862ರಲ್ಲಿ ‘ಕಥಾಮಾಲೆ’ಯನ್ನು ರಚಿಸುವಾಗ ಕಿಟ್ಟೆಲ್ ಅವರು ಕ್ರಿಸ್ತನ ಚರಿತ್ರೆಗೆ ಈ ನೆಲದ ಛಂದಸ್ಸನ್ನೇ ಆರಿಸಿಕೊಂಡದ್ದು ಎಂತಹ ವಿವೇಕವೆಂಬುದು ಈ ಹಿನ್ನೆಲೆಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಈಗ ಡೋಲಿನ ಕಡೆ ನೋಡಿ. ಯೊರುಬಾ ಜನರ ‘ಮಾತಾಡುವ ಡೋಲು’ ನಡು ಸಣ್ಣಗಿರುವ ವಾದ್ಯ. ಬದಿಯ ಹಗ್ಗಗಳನ್ನು ತೋಳಿನಿಂದ ಅಮುಕಿದಂತೆ ಅದರ ನಾದ ಏರುತ್ತದೆ, ಸಡಿಲಿಸಿದಂತೆ ಇಳಿಯುತ್ತದೆ. ಭಾಷೆಯ ಏರಿಳಿತವನ್ನು ಅದು ಹಾಗೆಯೇ ಅನುಕರಿಸುವುದರಿಂದ ಕೇಳುವವರಿಗೆ ಮಾತೇ ಕೇಳಿಸುತ್ತದೆ. ಅಂದರೆ ಜನರ ನುಡಿಗೆ ಒಪ್ಪುವ ವಾದ್ಯ ಹೊರಗುಳಿಯಿತು, ನುಡಿಯನ್ನು ತಿರುಚುವ ಆರ್ಗನ್ ಒಳಗೆ ಕುಳಿತಿತು. ಮಿಶನರಿಗಳ ಅಳುಕು ಬರಿಯ ಅಹಂಕಾರವಾಗಿತ್ತೆಂದು ನಾನು ಹೇಳಲಾರೆ. ಡೋಲು ನಿಜವಾಗಿಯೂ ಮಾತಾಡುತ್ತಿತ್ತು, ಹಳೆಯ ದೇವತೆಗಳ ಬಿರುದುಗಳನ್ನೇ ನುಡಿಯುತ್ತಿತ್ತು. ಆದರೆ ಮಾತಾಡಬಲ್ಲ ವಾದ್ಯಕ್ಕೆ ಹೊಸ ಮಾತನ್ನು ಕಲಿಸಬಹುದಿತ್ತು ಎಂಬ ಯೋಚನೆ ಬರಲು ಬಹಳ ಕಾಲ ಹಿಡಿಯಿತು.

ಆ ಯೋಚನೆ ಬಂದವರಲ್ಲಿ ಒಬ್ಬರು ಅಬೆಯೊಕುಟಾದ ಆಂಗ್ಲಿಕನ್ ಪಾದ್ರಿ ಜೋಸಾಯಾ ರಾನ್ಸಮ್ ಕುಟಿ. 1855ರಲ್ಲಿ ಹುಟ್ಟಿದ ಇವರು ‘ಹಾಡುವ ಪಾದ್ರಿ’ಯೆಂದೇ ಹೆಸರಾಗಿದ್ದರು. ಯೊರುಬಾದ ಏರಿಳಿತಕ್ಕೆ ಹೊಂದುವ ರಾಗಗಳಲ್ಲಿ ಕೀರ್ತನೆಗಳನ್ನು ಕಟ್ಟಿ ಹಾಡಿದರು. 1922ರಲ್ಲಿ ಲಂಡನ್ನಿನಲ್ಲಿ ಜೋನೋಫೋನ್ ಕಂಪನಿಯು ಅವರ ಧ್ವನಿಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿತು. ಅವರ ಮಗನೂ ಪಾದ್ರಿ, ಶಾಲೆಯ ಮುಖ್ಯೋಪಾಧ್ಯಾಯರು. ಆ ಮಗನ ಮಗ ಫೆಲಾ ಕುಟಿ, ಆಫ್ರೋಬೀಟ್ ಎಂಬ ಸಂಗೀತ ಪ್ರಕಾರದ ಜನಕ.

ಹೌದು, ಆಫ್ರೋಬೀಟ್ ಹುಟ್ಟಿದ್ದು ಪಾದ್ರಿಯ ಮನೆತನದಲ್ಲಿ. ಲಂಡನ್ನಿನಲ್ಲಿ ಸಂಗೀತ ಕಲಿತ ಫೆಲಾ 1960ರ ದಶಕದ ಕೊನೆಯಲ್ಲಿ, ಡ್ರಮ್ ವಾದಕ ಟೋನಿ ಆ್ಯಲನ್ ಜೊತೆಗೂಡಿ, ಯೊರುಬಾ ತಾಳಗಳನ್ನು ಜಾಝ್ ಮತ್ತು ಅಮೆರಿಕದ ಕರಿಯರ ಸಂಗೀತಕ್ಕೆ ಬೆಸೆದ. ಸೈನಿಕ ಸರ್ಕಾರಗಳನ್ನು ಹಾಡಿನಲ್ಲಿ ಗೇಲಿಮಾಡಿದ. 1977ರ ಫೆಬ್ರವರಿಯಲ್ಲಿ ಸೈನಿಕರು ಅವನ ಮನೆಗೆ ನುಗ್ಗಿ ಬೆಂಕಿ ಇಟ್ಟರು. ಸ್ತ್ರೀಯರ ಹಕ್ಕುಗಳಿಗಾಗಿ ಹೋರಾಡಿದ್ದ ಅವನ ವೃದ್ಧ ತಾಯಿ ಫುನ್ಮಿಲಾಯೊ ಅವರನ್ನು ಕಿಟಕಿಯಿಂದ ಹೊರಗೆಸೆದರು. ಮರುವರ್ಷ ಅವರು ತೀರಿಕೊಂಡರು. ಫೆಲಾ ಕ್ರೈಸ್ತ ಧರ್ಮವನ್ನು ತೊರೆದು, ಅಜ್ಜನ ಹೆಸರಿನ ‘ರಾನ್ಸಮ್’ ಎಂಬ ಭಾಗವನ್ನು ಗುಲಾಮರ ಹೆಸರೆಂದು ಕಿತ್ತುಹಾಕಿದ. ಅವನ ಬದುಕಿನ ರೀತಿಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅಜ್ಜ ದೇವಾಲಯದೊಳಗೆ ಎತ್ತಿದ ಪ್ರಶ್ನೆಯನ್ನೇ ಮೊಮ್ಮಗ ಹೊರಗೆ ನಿಂತು ಕೂಗಿ ಕೇಳಿದನೆಂದು ನನಗನಿಸುತ್ತದೆ.

ಅಷ್ಟರಲ್ಲಿ ಒಳಗೂ ಬದಲಾವಣೆಗಳಾಗಿದ್ದವು. 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಿಂದ ಯೊರುಬಾ ನಾಡಿನಲ್ಲಿ ‘ಅಲಾಡುರಾ’, ಎಂದರೆ ‘ಪ್ರಾರ್ಥಿಸುವವರು’, ಎಂಬ ಸ್ವತಂತ್ರ ಸಭೆಗಳು ಬೆಳೆದವು. ಬಿಳಿಯ ನಿಲುವಂಗಿ ತೊಟ್ಟು, ಡೋಲು ಬಾರಿಸಿ, ಚಪ್ಪಾಳೆ ತಟ್ಟಿ ಆರಾಧಿಸುವ ಈ ಸಭೆಗಳಲ್ಲಿ ಹೊರಗುಳಿದಿದ್ದ ವಾದ್ಯಕ್ಕೆ ಕೊನೆಗೂ ಜಾಗ ಸಿಕ್ಕಿತು.

ಸಮುದ್ರದ ಆಚೆಗೆ ಇದೇ ಕಾಲದಲ್ಲಿ ಏನಾಗುತ್ತಿತ್ತು? ಜಮೈಕಾದಲ್ಲಿ 1860ರ ದಶಕದ ಆತ್ಮೋಜ್ಜೀವನದಿಂದ ಹುಟ್ಟಿದ ‘ರಿವೈವಲ್’ ಸಭೆಗಳು ಡೋಲನ್ನು ಆರಾಧನೆಗೆ ತಂದಿದ್ದವು. 1930ರಲ್ಲಿ ಹೈಲೆ ಸೆಲಾಸಿ ಇಥಿಯೋಪಿಯದ ಚಕ್ರವರ್ತಿಯಾದಾಗ ಅವರೇ ಮೆಸ್ಸೀಯನೆಂದು ನಂಬಿದ ರಾಸ್ತಫಾರಿ ಪಂಥ ಹುಟ್ಟಿತು. ಚಕ್ರವರ್ತಿ ಮಾತ್ರ ಕೊನೆಯವರೆಗೂ ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಯ ಸದಸ್ಯರಾಗಿಯೇ ಉಳಿದರು. ಪಂಥದ ನಂಬಿಕೆಯನ್ನು ನಾವು ಒಪ್ಪಲಾರೆವು. ಅವರು ಸತ್ಯವೇದವನ್ನು ಓದಿದ ರೀತಿ ಮಾತ್ರ ಗಮನಾರ್ಹ. ಸೆರೆಯೊಯ್ದ ಜನರು ಬಾಬಿಲೋನಿನ ನದಿಗಳ ಬಳಿ ಕುಳಿತು ಅತ್ತ 137ನೇ ಕೀರ್ತನೆ ಅವರಿಗೆ ಹಳೆಯ ಕಾಲದ ಕಥೆಯಾಗಿರಲಿಲ್ಲ, ತಮ್ಮದೇ ಅಜ್ಜಿಯ ಕಥೆಯಾಗಿತ್ತು. 1970ರಲ್ಲಿ ಮೆಲೋಡಿಯನ್ಸ್ ಎಂಬ ತಂಡ ಆ ಕೀರ್ತನೆಯನ್ನೇ ರೆಗೆಯಾಗಿ ಹಾಡಿತು. 1968ರ ಸುಮಾರಿಗೆ ರೂಪುಗೊಂಡ ರೆಗೆಯ ಗುಟ್ಟು ಅದರ ತಡೆಯಲ್ಲಿದೆ. ನಾಲ್ಕು ಎಣಿಕೆಯಲ್ಲಿ ಮೊದಲನೆಯದನ್ನು ಡ್ರಮ್ ಬಿಟ್ಟುಕೊಟ್ಟು ಮೂರನೆಯದರ ಮೇಲೆ ಬೀಳುತ್ತದೆ. ಗಿಟಾರು ಎಣಿಕೆಗಳ ನಡುವೆ ಮೀಟುತ್ತದೆ. ಡಾನ್ಸ್‌ಹಾಲ್ ಅದರ ಕಿರಿಯ ಸಂತಾನ. ಬಡ ಕೇರಿಗಳ ಕುಣಿತದ ಅಂಗಳಗಳಲ್ಲಿ ದೊಡ್ಡ ಧ್ವನಿವರ್ಧಕಗಳ ಮುಂದೆ ಅದು ಬೆಳೆಯಿತು. 1985ರ ನಂತರ ಅಗ್ಗದ ವಿದ್ಯುತ್ ಕೀಬೋರ್ಡಿನ ತಾಳದ ಮೇಲೆಯೇ ಓಡತೊಡಗಿತು. ಅದರಲ್ಲಿ ಹಿಂಸೆಯ, ಅಶ್ಲೀಲದ, ದ್ವೇಷದ ಹಾಡುಗಳೂ ಕಡಿಮೆಯಿಲ್ಲ.

ಗ್ರಾಮಫೋನ್ ತಟ್ಟೆಗಳ ಮೂಲಕ ರೆಗೆ ನೈಜೀರಿಯಾಕ್ಕೆ ಬಂದಿಳಿದಾಗ ಅಲ್ಲಿಯವರಿಗೆ ಅದು ಪರಕೀಯವೆನಿಸಲಿಲ್ಲ. 1970ರ ದಶಕದ ಕೊನೆಯಲ್ಲಿ ಸನ್ನಿ ಒಕೊಸನ್ ಆ ತಾಳದಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ ಹಾಡಿದರು. ಮುಂದೆ ಅವರೇ ಸುವಾರ್ತಿಕರಾಗಿ ಸ್ತುತಿಗೀತೆಗಳನ್ನು ಹಾಡತೊಡಗಿದರು. ಆದರೆ ರೆಗೆಯನ್ನು ನೈಜೀರಿಯಾದ ಮನೆಮಾತಾಗಿಸಿದವನು ಮಾಜೆಕ್ ಫಶೆಕ್. ಬೆನಿನ್ ನಗರದಲ್ಲಿ ಬೆಳೆದ ಈತ ತುತ್ತೂರಿ, ಗಿಟಾರುಗಳನ್ನು ಕಲಿತದ್ದು ಅಲಾಡುರಾ ಸಭೆಯ ಗಾಯಕವೃಂದದಲ್ಲಿ. 1988ರಲ್ಲಿ ಅವನ ಮೊದಲ ಸ್ವತಂತ್ರ ಆಲ್ಬಮ್ ‘ಪ್ರಿಸನರ್ ಆಫ್ ಕಾನ್ಷಿಯನ್ಸ್’ ಹೊರಬಂತು. ಬಾಬಂಗಿಡಾ ಅವರ ಸೈನಿಕ ಆಡಳಿತದ ಕಾಲವದು. 1986ರ ಆರ್ಥಿಕ ಮಾರ್ಪಾಡುಗಳಿಂದ ನಾಣ್ಯದ ಬೆಲೆ ಕುಸಿದು, ಸಂಬಳದಾರರು ಕಂಗಾಲಾಗಿದ್ದರು. ಆತ ಮಳೆಗಾಗಿ ದೇವರನ್ನು ಬೇಡುವ ಹಾಡು ಹಾಡಿದ. ಹಾಡಿದಾಗ ನಿಜವಾಗಿಯೇ ಮಳೆ ಬಂತೆಂದು ಜನ ಹೇಳಿಕೊಂಡರು, ‘ಮಳೆ ತರುವವ’ನೆಂದು ಕರೆದರು. ಮುಂದೆ ವ್ಯಸನ ಅವನನ್ನು ಹಿಂಡಿತು. 2020ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ.

1990ರ ದಶಕದಲ್ಲಿ ಲಾಗೋಸಿನ ಅಜೆಗುನ್ಲೆಯಂತಹ ಕೇರಿಗಳು ಡಾನ್ಸ್‌ಹಾಲನ್ನೂ ತಮ್ಮದಾಗಿಸಿಕೊಂಡವು. ಪ್ಯಾಟೊರ‍್ಯಾಂಕಿಂಗ್ ಬೆಳೆದದ್ದು ಈ ಗಾಳಿಯಲ್ಲಿ. ‘ರ‍್ಯಾಂಕಿಂಗ್’ ಎಂಬುದು ಜಮೈಕಾದ ಡಾನ್ಸ್‌ಹಾಲ್ ಹಾಡುಗಾರರು ಇಟ್ಟುಕೊಳ್ಳುವ ಬಿರುದು. ಆಲ್ಬಮ್ಮಿನಲ್ಲಿ ಆತ ನೈಜೀರಿಯಾದ ಪಿಜಿನ್, ಜಮೈಕಾದ ಪಾಟ್ವಾ, ಯೊರುಬಾ ನುಡಿಗಳ ನಡುವೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಂತೆ ಓಡಾಡುತ್ತಾನೆ. ಒಂದು ಹಾಡಿನಲ್ಲಿ ಘಾನಾದ ಸಾರ್ಕೊಡಿ, ಇನ್ನೊಂದರಲ್ಲಿ ಲಾಗೋಸಿನ ವಾಂಡೆ ಕೋಲ್ ದನಿಗೂಡಿಸಿದ್ದಾರೆ. ಇಲ್ಲಿರುವ ಆಫ್ರೋಬೀಟ್ ಫೆಲಾನ ಅರ್ಧ ಗಂಟೆಯ ರಾಜಕೀಯ ಗೀತೆಗಳದ್ದಲ್ಲ; ಹೊಸ ತಲೆಮಾರಿನವರು ಬಹುವಚನದಲ್ಲಿ ‘ಆಫ್ರೋಬೀಟ್ಸ್’ ಎನ್ನುವ, ಚಿಕ್ಕದಾದ, ಹಗುರವಾದ ಪ್ರಕಾರ. ಕೋಪ ಕರಗಿದೆ, ತಾಳ ಉಳಿದಿದೆ. ಫೆಲಾ ಮತ್ತು ಮಾಜೆಕ್‌ರ ಧೈರ್ಯವನ್ನು ಇದರಲ್ಲಿ ಹುಡುಕುವವರಿಗೆ ಅದು ಅಲ್ಲಲ್ಲಿ ಮಾತ್ರ ಸಿಕ್ಕೀತು.

ಹಾಗಾದರೆ ಆ ಶೀರ್ಷಿಕೆ ಬರಿಯ ಅಲಂಕಾರವೇ ಎಂದು ನೀವು ಕೇಳಬಹುದು. ಲಾಗೋಸಿನ ಹಳದಿ ಬಣ್ಣದ ಬಸ್ಸುಗಳ ಮೇಲೆ, ಕ್ಷೌರದ ಅಂಗಡಿಗಳ ಮೇಲೆ, ಟೈರು ತಿದ್ದುವವರ ಗುಡಿಸಲುಗಳ ಮೇಲೆ ದೇವರ ಹೆಸರಿರುತ್ತದೆ. ಆ ಬಸ್ಸಿನ ಚಾಲಕನು ಸಂತನೆಂದು ಯಾರೂ ಭಾವಿಸುವುದಿಲ್ಲ. ಅವನು ಕಪಟಿಯೆಂದೂ ಭಾವಿಸುವುದಿಲ್ಲ. ಆಸರೆಯಿಲ್ಲದ ಊರಿನಲ್ಲಿ ಹೇಗೋ ಬದುಕಿ ಉಳಿದವನು ಅದಕ್ಕೆ ಕಾರಣ ಯಾರೆಂದು ತನ್ನ ಗಾಡಿಯ ಮೇಲೆ ಬರೆಸಿಕೊಳ್ಳುತ್ತಾನೆ. ಈ ಆಲ್ಬಮ್ಮಿನ ಹೆಸರನ್ನೂ ನಾನು ಹಾಗೆಯೇ ಓದುತ್ತೇನೆ. ಯಶಸ್ಸನ್ನೇ ದೇವರ ಕೃಪೆಯ ಅಳತೆಗೋಲಾಗಿಸುವ ಬೋಧನೆ ಆ ನಾಡಿನಲ್ಲಿ ಬಹಳವಾಗಿ ಹಬ್ಬಿದೆ. ಅದರ ನೆರಳು ಇಲ್ಲಿಯೂ ಬಿದ್ದಿದೆಯೆಂಬುದನ್ನು ಮಾತ್ರ ಮರೆಯಲಾಗದು.

ಆಲ್ಬಮ್ ಬರುವ ಮೊದಲೇ ಆತನನ್ನು ನಾಡಿಗೆ ಪರಿಚಯಿಸಿದ್ದು ಟಿಮಾಯಾ ಎಂಬ ಗಾಯಕನೊಡನೆ ಹಾಡಿದ ‘ಅಲುಬರಿಕ’. ಯೊರುಬಾದಲ್ಲಿ ಅದಕ್ಕೆ ಆಶೀರ್ವಾದವೆಂದು ಅರ್ಥ. ಪದ ಮೂಲತಃ ಅರಬ್ಬಿಯದು. ಮರುಭೂಮಿಯ ವ್ಯಾಪಾರಿಗಳ ಜೊತೆ ಬಂದು, ಉತ್ತರದ ಹೌಸಾ ಭಾಷೆಯನ್ನು ಹೊಕ್ಕು, ದಕ್ಷಿಣಕ್ಕಿಳಿದು ಯೊರುಬಾ ಕ್ರೈಸ್ತರ ಬಾಯಲ್ಲಿಯೂ ನೆಲೆಸಿತು. ಅದನ್ನೇ ಇಗ್ಬೊ ಮೂಲದ ಹುಡುಗನೊಬ್ಬ ಜಮೈಕಾದ ತಾಳಕ್ಕೆ ಕೂರಿಸಿ ಹಾ‌ಡಿದ. ನಮ್ಮ ಸಂತೆಗಳಲ್ಲಿ ‘ಈ ದುಡ್ಡಿಗೆ ಬರಕತ್ತಿಲ್ಲ’ ಎನ್ನುತ್ತಾರಲ್ಲ, ಪದ ಅದೇ.